ವಿ-ಲ್ಯಾನ್ ಇದ್ದೂ ಗೆಸ್ಟ್ ವೈಫೈಗೆ ಅಕೌಂಟ್ಸ್ ಪ್ರಿಂಟರ್ ಸಿಗುತ್ತಿದೆಯೇ?

ಅಕೌಂಟ್ಸ್ ಕಂಪ್ಯೂಟರ್‌ಗಳಿಗೆ ಒಂದು ವಿ-ಲ್ಯಾನ್, ಸಿಸಿಟಿವಿಗೆ ಇನ್ನೊಂದು, ಬಂದುಹೋಗುವವರ ವೈಫೈಗೆ ಮತ್ತೊಂದು. ಸಣ್ಣ ಆಫೀಸು, ನರ್ಸಿಂಗ್ ಹೋಮ್, ಪತ್ತಿನ ಸಹಕಾರ ಸಂಘಗಳಲ್ಲೂ ಈಗ ಇದು ಮಾಮೂಲು. ನೆಟ್‌ವರ್ಕ್ ಹುಡುಗ ಬಂದು ಸ್ವಿಚ್ ಸೆಟ್ ಮಾಡಿ, ಎಲ್ಲ ಕಡೆ ಇಂಟರ್ನೆಟ್ ಬರುವುದನ್ನು ತೋರಿಸಿ, ಬಿಲ್ ಕೊಟ್ಟು ಹೊರಡುತ್ತಾನೆ. ಆಮೇಲೆ ಯಾರಾದರೂ ಗೆಸ್ಟ್ ವೈಫೈನಲ್ಲಿರುವ ಮೊಬೈಲ್‌ನಿಂದ ಅಕೌಂಟ್ಸ್ ವಿಭಾಗದ ಪ್ರಿಂಟರ್‌ಗೆ ಪಿಂಗ್ ಮಾಡಿ ನೋಡಲಿ. ಉತ್ತರ ಸಲೀಸಾಗಿ ಬರುತ್ತದೆ!

ವಿ-ಲ್ಯಾನ್‌ನ ಮಾನದಂಡ 802.1ಕ್ಯೂ. ಹಲವು ವಿ-ಲ್ಯಾನ್‌ಗಳನ್ನು ಹೊರುವ ಟ್ರಂಕ್ ದಾರಿಯಲ್ಲಿ ಫ್ರೇಮಿಗೆ 4 ಬೈಟ್‌ಗಳ ಚೀಟಿ ಅಂಟುತ್ತದೆ. ಅದರಲ್ಲಿ 1ರಿಂದ 4094ರವರೆಗಿನ ಒಂದು ಸಂಖ್ಯೆ. ಒಂದು ಸಂಖ್ಯೆಯವರಿಗೆ ಇನ್ನೊಂದು ಸಂಖ್ಯೆಯವರು ಕಾಣುವುದಿಲ್ಲ. ಆದರೆ ಲೇಯರ್-3 ಸ್ವಿಚ್‌ನಲ್ಲಿ ರೌಟಿಂಗ್ ಆನ್ ಮಾಡಿದ ಕ್ಷಣ, ಐಪಿ ವಿಳಾಸ ಪಡೆದ ವಿ-ಲ್ಯಾನ್‌ಗಳ ನಡುವೆಲ್ಲ ದಾರಿ ತೆರೆದುಕೊಳ್ಳುತ್ತದೆ. ಬೇಡವಾದ ದಾರಿಯನ್ನು ಮುಚ್ಚುವುದು ಬೇರೆಯದೇ ಕೆಲಸ. ಅದನ್ನು ಬಿಡುವವರೇ ಹೆಚ್ಚು.

ಕ್ಯಾಮೆರಾದಿಂದ ಏನಾದೀತು ಎನ್ನುವವರು 2016ರ ಮಿರಾಯ್ ಮಾಲ್‌ವೇರ್ ದಾಳಿಯನ್ನು ನೆನೆಯಬೇಕು. ಕಂಪನಿ ಕೊಟ್ಟ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಕ್ಯಾಮೆರಾ, ಡಿವಿಆರ್‌ಗಳು ಅದರ ಸೈನ್ಯವಾಗಿದ್ದವು.

ಇನ್ನು ಕೆಲಸ. ಆಜ್ಞೆಗಳು ಸಿಸ್ಕೊ ಕ್ಯಾಟಲಿಸ್ಟ್ ಮಾದರಿಯವು. ಬೇರೆ ಕಂಪನಿಯ ಸ್ವಿಚ್‌ನಲ್ಲಿ ಹೆಸರು ಬದಲಾದೀತು, ಕ್ರಮ ಇದೇ.

1. ಸಂಖ್ಯೆ ಹಂಚಿ. ಅಕೌಂಟ್ಸ್ 10, ಕ್ಯಾಮೆರಾ 20, ಗೆಸ್ಟ್ 30. ಸಬ್‌ನೆಟ್‌ಗಳು ಕ್ರಮವಾಗಿ 192.168.10.0, 20.0, 30.0, ಎಲ್ಲವೂ /24. ವಿ-ಲ್ಯಾನ್ 1ರಲ್ಲಿ ಯಾರನ್ನೂ ಕೂರಿಸಬೇಡಿ.

2. ಕಂಪ್ಯೂಟರ್, ಕ್ಯಾಮೆರಾಗಳ ಪೋರ್ಟ್ ಆಕ್ಸೆಸ್ ಆಗಿರಲಿ. ಹಲವು ವೈಫೈ ಹೆಸರು ಬಿಡುವ ಆಕ್ಸೆಸ್ ಪಾಯಿಂಟ್‌ಗೆ ಮತ್ತು ಪಕ್ಕದ ಸ್ವಿಚ್‌ಗೆ ಟ್ರಂಕ್. ಅದರಲ್ಲೂ ಬೇಕಾದ ವಿ-ಲ್ಯಾನ್‌ಗಳಿಗಷ್ಟೇ ಅನುಮತಿ.

3. ‘ಇಂಟರ್‌ಫೇಸ್ ವಿಲ್ಯಾನ್ 10’ ಬರೆದು 192.168.10.1 ಕೊಡಿ. ಆ ಕಂಪ್ಯೂಟರ್‌ಗಳಿಗೆ ಅದೇ ಗೇಟ್‌ವೇ. ಉಳಿದೆರಡಕ್ಕೂ ಹೀಗೆಯೇ.

4. ‘ಐಪಿ ರೌಟಿಂಗ್’ ಕೊಟ್ಟು, ಇಂಟರ್ನೆಟ್ ರೌಟರ್ ಕಡೆಗೆ ಡೀಫಾಲ್ಟ್ ರೂಟ್ ಹಾಕಿ. ಈ ಸಬ್‌ನೆಟ್‌ಗಳಿಗೆ ಮರಳುವ ದಾರಿಯನ್ನು ರೌಟರ್‌ನಲ್ಲೂ ಬರೆಯಬೇಕು.

5. ಈಗ ಎಸಿಎಲ್, ಅಂದರೆ ಯಾರು ಎಲ್ಲಿಗೆ ಹೋಗಬಹುದು ಎಂಬ ಪಟ್ಟಿ. ಗೆಸ್ಟ್‌ಗೆ ಮೂರು ಭಾಗ ಸಾಕು: ಮೊದಲು ಡಿಎಚ್‌ಸಿಪಿ, ಡಿಎನ್‌ಎಸ್‌ಗೆ ಅನುಮತಿ, ನಂತರ ಗೆಸ್ಟ್‌ನ 192.168.30 ವಿಳಾಸಗಳಿಂದ, 192.168.0.0ದಿಂದ ಶುರುವಾಗುವ ಒಳಗಿನ ವಿಳಾಸಗಳಿಗೆಲ್ಲ ತಡೆ; ಕೊನೆಗೆ ಉಳಿದದ್ದಕ್ಕೆ ಅನುಮತಿ. ಸ್ವಿಚ್ ಮೇಲಿನಿಂದ ಓದುತ್ತಾ ಮೊದಲು ಹೊಂದಿದ ಸಾಲಿಗೇ ನಿಲ್ಲುತ್ತದೆ. ತಡೆ ಮೇಲೆ ಹೋದರೆ ಒಳಗಿನ ಡಿಎನ್‌ಎಸ್ ಸಿಗದೆ ‘ನೆಟ್ ಬರ್ತಿಲ್ಲ’ ಎಂಬ ದೂರು ಗ್ಯಾರಂಟಿ. ಕೊನೆಯ ಅನುಮತಿ ಮರೆತರೂ ಅಷ್ಟೆ: ಪಟ್ಟಿಯ ತಳದಲ್ಲಿ ಬರೆಯದಿದ್ದರೂ ‘ಎಲ್ಲ ತಡೆ’ ಇದ್ದೇ ಇರುತ್ತದೆ.

ಹೆಚ್ಚಿನವರು ಎಡವುವುದು ದಿಕ್ಕಿನಲ್ಲಿ. ‘ಇನ್’, ‘ಔಟ್’ ಎರಡನ್ನೂ ಸ್ವಿಚ್ ಕಡೆಯಿಂದ ನೋಡಬೇಕು. ಗೆಸ್ಟ್ ಮೊಬೈಲ್‌ನಿಂದ ಹೊರಟದ್ದು ಸ್ವಿಚ್‌ಗೆ ಒಳಬರುವಂಥದ್ದು. ಹಾಗಾಗಿ ಪಟ್ಟಿಯನ್ನು ವಿ-ಲ್ಯಾನ್ 30ಕ್ಕೆ ‘ಇನ್’ ಎಂದೇ ಕಟ್ಟಬೇಕು. ‘ಔಟ್’ ಎಂದು ಕಟ್ಟಿದರೆ ಗೆಸ್ಟ್ ಕಡೆಗೆ ಹೋಗುವ ಪ್ಯಾಕೆಟ್‌ಗಳ ತಪಾಸಣೆ ನಡೆಯುತ್ತದೆ. ಅವುಗಳ ಮೂಲ ವಿಳಾಸ 192.168.30 ಆಗಿರುವುದೇ ಇಲ್ಲ, ತಡೆಯ ಸಾಲು ಹೊಂದುವುದೂ ಇಲ್ಲ. ಯಾವ ಎಚ್ಚರಿಕೆಯೂ ಬಾರದೆ ಎಲ್ಲವೂ ದಾಟಿಹೋಗುತ್ತದೆ.

ಇನ್ನೊಂದು ತೊಡಕು ಕ್ಯಾಮೆರಾದ್ದು. 20ರಿಂದ 10ಕ್ಕೆ ಪೂರ್ತಿ ತಡೆ ಹಾಕಿದರೆ ಮ್ಯಾನೇಜರ್ ಕಂಪ್ಯೂಟರ್‌ನಲ್ಲೂ ಚಿತ್ರ ನಿಲ್ಲುತ್ತದೆ. ಕೇಳಿದ್ದು ಹೋಗುತ್ತದೆ, ಉತ್ತರ ತಡೆಯಲ್ಲಿ ಸಿಕ್ಕಿಬೀಳುತ್ತದೆ. ಯಾರು ಮೊದಲು ಮಾತಾಡಿಸಿದರು ಎಂಬುದು ಸಾಮಾನ್ಯ ಎಸಿಎಲ್‌ಗೆ ನೆನಪಿರುವುದಿಲ್ಲ. ‘ಎಸ್ಟಾಬ್ಲಿಶ್ಡ್’ ಎಂಬ ಪದ ಸೇರಿಸಿದರೆ ಟಿಸಿಪಿಗೆ ಪರಿಹಾರ, ಯುಡಿಪಿಯಲ್ಲಿ ಬರುವ ವಿಡಿಯೊಗೆ ಇಲ್ಲ. ಕ್ಯಾಮೆರಾ ಚಿತ್ರ ದಾಖಲಿಸುವ ಎನ್‌ವಿಆರ್‌ನ ಒಂದು ವಿಳಾಸದಿಂದ ಮ್ಯಾನೇಜರ್‌ನ ಒಂದು ವಿಳಾಸಕ್ಕೆ ಅನುಮತಿಯ ಸಾಲನ್ನು ತಡೆಯ ಮೇಲೆ ಬರೆಯುವುದು ಸರಳ ದಾರಿ. ಇಂಥ ವಿನಾಯಿತಿಗಳು ಬೆಳೆಯುತ್ತಾ ಹೋದರೆ ಪಟ್ಟಿಗೆ ತೇಪೆ ಹಾಕುತ್ತಾ ಕೂರಬಾರದು. ರೌಟಿಂಗನ್ನು ಫೈರ್‌ವಾಲ್‌ಗೆ ಒಪ್ಪಿಸಿ. ಅದು ಸಂಪರ್ಕಗಳನ್ನು ನೆನಪಿಡುತ್ತದೆ, ಖರ್ಚಿಗೂ ತಕ್ಕದ್ದು.

6. ಪರೀಕ್ಷೆ. ಗೆಸ್ಟ್‌ನಿಂದ ಪ್ರಿಂಟರ್‌ಗೆ ಪಿಂಗ್ ನಿಲ್ಲಬೇಕು, ಇಂಟರ್ನೆಟ್ ಬರಬೇಕು. ವಿಂಡೋಸ್ ಕಂಪ್ಯೂಟರ್‌ಗೆ ಪಿಂಗ್ ಮಾಡಿ ನಂಬಬೇಡಿ, ಅದರ ಫೈರ್‌ವಾಲೇ ತಡೆದಿರಬಹುದು. ಮೊಬೈಲ್ ಬ್ರೌಸರ್‌ನಲ್ಲಿ 192.168.30.1 ತೆರೆದಾಗ ಸ್ವಿಚ್‌ನ ಲಾಗಿನ್ ಪುಟ ಬಂದರೆ ಪಟ್ಟಿ ಇನ್ನೂ ಸರಿಯಿಲ್ಲ. ಒಂದೇ ವಿ-ಲ್ಯಾನ್ ಒಳಗಿನವರ ನಡುವೆ ಈ ಪಟ್ಟಿ ನಡೆಯದು. ಗೆಸ್ಟ್ ವೈಫೈಗೆ ಆಕ್ಸೆಸ್ ಪಾಯಿಂಟ್‌ನಲ್ಲೇ ‘ಕ್ಲೈಂಟ್ ಐಸೊಲೇಷನ್’ ಆನ್ ಮಾಡಿ. ಕಾನ್ಫಿಗರೇಷನ್ ಸೇವ್ ಮಾಡಲು ಮರೆಯಬೇಡಿ, ಕರೆಂಟ್ ಹೋಗಿ ಬಂದರೆ ಎಲ್ಲ ಮೊದಲಿನಿಂದ.