ಬೊಜ್ಜಿನ ಶಸ್ತ್ರಕ್ರಿಯೆಯೂ ಥೈರಾಯ್ಡ್ ಗ್ರಂಥಿಯೂ

ಮೈ ದಪ್ಪಗಿರುವವರನ್ನು ಕಂಡೊಡನೆ “ಇವರಿಗೆ ಥೈರಾಯ್ಡ್ ಇರಬೇಕು” ಎಂದುಬಿಡುವ ರೂಢಿ ನಮ್ಮಲ್ಲಿದೆ. ಥೈರಾಯ್ಡ್ ಎಂಬುದು ರೋಗದ ಹೆಸರಲ್ಲ. ಎಲ್ಲರಿಗೂ ಇರುವ, ಇರಲೇಬೇಕಾದ ಗ್ರಂಥಿ ಅದು. ಧ್ವನಿಪೆಟ್ಟಿಗೆಯ ಕೆಳಗೆ, ಶ್ವಾಸನಾಳವನ್ನು ತಬ್ಬಿ, ಚಿಟ್ಟೆ ರೆಕ್ಕೆ ಬಿಚ್ಚಿ ಕುಳಿತಂತೆ ತೋರುವ ಇದರ ತೂಕ ಸುಮಾರು 20 ಗ್ರಾಂ. ಆಹಾರದಿಂದ ಬಂದ ಅಯೊಡೀನನ್ನು ಹೀರಿಕೊಂಡು ಇದು ಎರಡು ಹಾರ್ಮೋನುಗಳನ್ನು ತಯಾರಿಸುತ್ತದೆ. ನಾಲ್ಕು ಅಯೊಡೀನ್ ಪರಮಾಣುಗಳುಳ್ಳದ್ದು ಥೈರಾಕ್ಸಿನ್, ಅಂದರೆ ಟಿ-4, ಮೂರುಳ್ಳದ್ದು ಟಿ-3. ದೇಹವೆಂಬ ಒಲೆಯ ಉರಿಯನ್ನು ಏರಿಸಿ ಇಳಿಸುವವು ಇವೇ. ರಕ್ತದಲ್ಲಿ ಇವು ಸಾಲದೆ ಬಂದರೆ, ಮಿದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿಯು ಟಿ.ಎಸ್.ಎಚ್. ಎಂಬ ಪ್ರಚೋದಕವನ್ನು ಹೆಚ್ಚಾಗಿ ಕಳುಹಿಸುತ್ತದೆ. ಆದುದರಿಂದ ಟಿ.ಎಸ್.ಎಚ್. ಏರಿದೆಯೆಂದರೆ ಥೈರಾಯ್ಡ್ ಸೋತಿದೆಯೆಂದು ಊಹಿಸುವುದು ವಾಡಿಕೆ.

ಸ್ಥೂಲಕಾಯರಲ್ಲಿ ಈ ಊಹೆ ಹಲವು ವೇಳೆ ತಪ್ಪುತ್ತದೆ. ಅನೇಕರಲ್ಲಿ ಟಿ.ಎಸ್.ಎಚ್. ಕೊಂಚ ಏರಿದ್ದರೂ ಟಿ-4 ಸರಿಯಾಗಿಯೇ ಇರುತ್ತದೆ. ಟಿ-3 ತುಸು ಹೆಚ್ಚಾಗಿರುವುದೂ ಉಂಟು. ಸೋತ ಗ್ರಂಥಿಯ ಲಕ್ಷಣ ಇದಲ್ಲವಷ್ಟೆ. ಕಾರಣವನ್ನು ಕೊಬ್ಬಿನಲ್ಲಿಯೇ ಹುಡುಕಬೇಕು. ಕೊಬ್ಬಿನ ಕೋಶಗಳು ಲೆಪ್ಟಿನ್ ಎಂಬ ಹಾರ್ಮೋನನ್ನು ಸ್ರವಿಸುತ್ತವೆಂಬುದು 1994ರಲ್ಲಿ ಬೆಳಕಿಗೆ ಬಂದಿತು. ಕೊಬ್ಬು ಹೆಚ್ಚಿದಷ್ಟೂ ಲೆಪ್ಟಿನ್ ಹೆಚ್ಚು. ಅದು ಮಿದುಳಿನ ಮೂಲಕ ಪಿಟ್ಯುಟರಿಯನ್ನು ಉತ್ತೇಜಿಸುತ್ತದೆಂದು ವಿಜ್ಞಾನಿಗಳು ಭಾವಿಸುತ್ತಾರೆ. ಬೊಜ್ಜಿಗಾಗಿ ನಾವು ಥೈರಾಯ್ಡನ್ನು ದೂರುತ್ತೇವೆ; ಇಲ್ಲಿ ಬೊಜ್ಜೇ ಥೈರಾಯ್ಡನ್ನು ಕೆಣಕಿದೆ!

ಈ ವಿಚಾರಕ್ಕೆ ಬಲವಾದ ಸಾಕ್ಷ್ಯ ಶಸ್ತ್ರವೈದ್ಯರಿಂದ ದೊರೆತಿದೆ. 1966ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾನಿಲಯದಲ್ಲಿ ಎಡ್ವರ್ಡ್ ಮೇಸನ್ ಮತ್ತು ಚಿಕಾಶಿ ಇಟೊ ಎಂಬವರು ಜಠರದ ಮೇಲ್ಭಾಗವನ್ನು ಚಿಕ್ಕ ಚೀಲವಾಗಿ ಬೇರ್ಪಡಿಸಿ, ಅದನ್ನು ಸಣ್ಣ ಕರುಳಿಗೆ ನೇರವಾಗಿ ಜೋಡಿಸಿದರು. ಜಠರದ ಬಹುಭಾಗವನ್ನು ಕತ್ತರಿಸಿ, ಉಳಿದುದನ್ನು ಅಂಗಿಯ ತೋಳಿನಂತೆ ಕಿರಿದುಮಾಡುವ ಕ್ರಮವೂ ಈಗ ಬಹಳ ಬಳಕೆಯಲ್ಲಿದೆ. ಇಂತಹ ಶಸ್ತ್ರಕ್ರಿಯೆಯ ತರುವಾಯ ತೂಕ ಇಳಿದಂತೆ ಟಿ.ಎಸ್.ಎಚ್. ಸಹ ಇಳಿಯುತ್ತದೆ, ಟಿ-3 ತಗ್ಗುತ್ತದೆ, ಟಿ-4 ಹೆಚ್ಚಾಗಿ ಇದ್ದಂತೆಯೇ ಇರುತ್ತದೆ. ಗಡಿಯಲ್ಲಿದ್ದ ಅನೇಕರು ಥೈರಾಯ್ಡ್ ಔಷಧವಿಲ್ಲದೆಯೇ ಸರಿಯಾದ ಮಟ್ಟಕ್ಕೆ ಬರುತ್ತಾರೆ.

ಆದರೆ ಗ್ರಂಥಿಯೇ ನಿಜವಾಗಿ ಹಾಳಾದವರ ಕಥೆ ಬೇರೆ. ದೇಹದ ರಕ್ಷಣಾ ವ್ಯವಸ್ಥೆಯೇ ಗ್ರಂಥಿಯನ್ನು ನಾಶಗೊಳಿಸುವ ಹಾಶಿಮೊಟೊ ರೋಗದಲ್ಲಿ, ತೂಕ ಇಳಿದ ಮಾತ್ರಕ್ಕೆ ಗ್ರಂಥಿ ಮತ್ತೆ ಚಿಗುರದು. ಇಂತಹವರು “ಬೊಜ್ಜು ಹೋಯಿತು, ಇನ್ನೇಕೆ ಗುಳಿಗೆ?” ಎಂದು ತಾವಾಗಿಯೇ ಔಷಧವನ್ನು ಬಿಡುವುದು ಅಪಾಯಕರ. ದೇಹ ಕಿರಿದಾದಂತೆ ಥೈರಾಕ್ಸಿನ್ ಪ್ರಮಾಣವನ್ನು ಕಡಮೆ ಮಾಡಬೇಕಾಗುವುದು ಸಾಮಾನ್ಯವೇನೋ ನಿಜ. ಹಳೆಯ ಪ್ರಮಾಣವನ್ನೇ ಮುಂದುವರಿಸಿದರೆ ಎದೆಬಡಿತ ಹೆಚ್ಚೀತು, ಮೂಳೆ ಸವೆದೀತು. ಇನ್ನೊಂದು ತೊಡಕೂ ಉಂಟು. ಗುಳಿಗೆ ಕರಗಲು ಜಠರದ ಆಮ್ಲ ಬೇಕು, ಅದು ರಕ್ತ ಸೇರುವುದು ಸಣ್ಣ ಕರುಳಿನಲ್ಲಿ. ಶಸ್ತ್ರವೈದ್ಯನು ಬದಲಿಸುವುದೂ ಈ ದಾರಿಯನ್ನೇ. ಹೀಗಾಗಿ ಕೆಲವರಿಗೆ ಪ್ರಮಾಣವನ್ನು ಹೆಚ್ಚಿಸಬೇಕಾಗಿಯೂ ಬರುತ್ತದೆ.

ಶಸ್ತ್ರಕ್ರಿಯೆಯ ಬಳಿಕ ತಪ್ಪದೆ ಕೊಡುವ ಕಬ್ಬಿಣದ ಮತ್ತು ಕ್ಯಾಲ್ಸಿಯಂ ಗುಳಿಗೆಗಳು ಥೈರಾಕ್ಸಿನನ್ನು ಕರುಳಿನಲ್ಲಿಯೇ ಹಿಡಿದಿಟ್ಟುಬಿಡುತ್ತವೆ. ಎರಡರ ನಡುವೆ 4 ಗಂಟೆಗಳ ಅಂತರವಿರಬೇಕು. ನಮ್ಮವರ ಬೆಳಗಿನ ಕಾಫಿಯೂ ಇದೇ ತಂಟೆ ಮಾಡುತ್ತದೆ. ಗುಳಿಗೆ ನುಂಗಿದ ಮೇಲೆ ಅರ್ಧ ಗಂಟೆಯಾದರೂ ಕಾಫಿಗಾಗಿ ಕಾಯಬೇಕು. ರಕ್ತದಲ್ಲಿರುವ ಥೈರಾಕ್ಸಿನ್ ಅರ್ಧಕ್ಕಿಳಿಯಲು ಸುಮಾರು 7 ದಿನಗಳು ಹಿಡಿಯುವುದರಿಂದ, ಪ್ರಮಾಣವನ್ನು ಬದಲಿಸಿದ ಮರುವಾರವೇ ರಕ್ತಪರೀಕ್ಷೆ ಮಾಡಿಸಿದರೆ ಏನೂ ತಿಳಿಯದು. 6ರಿಂದ 8 ವಾರ ಬಿಟ್ಟು ಮಾಡಿಸಬೇಕು.