ಹೊಸ ಚೈನು, ಹಳೆಯ ಹಲ್ಲು

ಗೇರಿಲ್ಲದ ಸಾಮಾನ್ಯ ಸೈಕಲ್ಲಿನ ಸವೆದ ಚೈನನ್ನು ತೆಗೆದು ಹೊಸದನ್ನು ತೊಡಿಸಿದೊಡನೆ ಅದು ಸರಾಗವಾಗಿ ಓಡಬೇಕೆಂಬುದು ಸಹಜವಾದ ನಿರೀಕ್ಷೆ. ಆದರೆ ಅನೇಕ ವೇಳೆ, ಏರಿನಲ್ಲಿ ಬಲವಾಗಿ ತುಳಿದಾಗಲೇ ಚೈನು ಹಲ್ಲಿನಿಂದ ಹಲ್ಲಿಗೆ ನೆಗೆಯುತ್ತದೆ; ಎದ್ದುನಿಂತು ತುಳಿಯುವ ಬಾಲಕನು ಕಾಲು ಜಾರಿ ಬೀಳುವ ಅಪಾಯವುಂಟು. ಹೊಸ ಚೈನಿನ ಮೇಲೆ ದೋಷವನ್ನು ಹೊರಿಸುವ ಮುನ್ನ ಕಾರಣವನ್ನು ವಿವೇಚಿಸತಕ್ಕುದು.

ಚೈನಿನ ಎರಡು ಪಿನ್ನುಗಳ ನಡುವಣ ಅಂತರ ಅರ್ಧ ಅಂಗುಲ. ಆದುದರಿಂದ 24 ಕೊಂಡಿಗಳ ಉದ್ದ 12 ಅಂಗುಲ. ಪಿನ್ನುಗಳು ಸವೆದಂತೆ ಈ ಅಳತೆ ಹೆಚ್ಚುತ್ತದೆ. ಹೆಚ್ಚಳವು ಅಂಗುಲದ 1/16 ಭಾಗವಾದಾಗಲೇ ಚೈನನ್ನು ಬದಲಿಸಿದರೆ ಹಲ್ಲುಗಳು ಸಾಮಾನ್ಯವಾಗಿ ಉಳಿಯುತ್ತವೆ. 1/8 ಭಾಗವಾಗುವವರೆಗೆ ಉಪೇಕ್ಷಿಸಿದರೆ ಫ್ರೀವೀಲಿನ ಹಲ್ಲುಗಳೂ ಆ ಹಿಗ್ಗಿದ ಅಳತೆಗೆ ತಕ್ಕಂತೆ ಸವೆದಿರುತ್ತವೆ. ಅವುಗಳ ಮೇಲೆ ಹೊಸ ಚೈನು ಹೊಂದಿ ಕೂರದು. ಆಗ ಫ್ರೀವೀಲನ್ನೂ ಬದಲಿಸುವುದೊಂದೇ ಪರಿಹಾರ.

ಫ್ರೀವೀಲೂ ಹೊಸದಾಗಿದ್ದು ತೊಂದರೆ ನಿಲ್ಲದಿದ್ದರೆ ಅದರ ಲಯವನ್ನು ಗಮನಿಸಬೇಕು. ಚೈನು ಪೂರ್ಣ ಒಂದು ಸುತ್ತು ಬರುವಷ್ಟರಲ್ಲಿ ಒಮ್ಮೆ ಮಾತ್ರ ತಡೆದರೆ, ಪ್ರಾಯಶಃ ಜೋಡಿಸಿದೆಡೆಯ ಕೊಂಡಿ ಬಿಗಿದಿರುತ್ತದೆ. ಅದನ್ನು ಪಕ್ಕಕ್ಕೆ ಮೆಲ್ಲನೆ ಬಾಗಿಸಿ ಸಡಿಲಿಸಬೇಕು. ಪೆಡಲಿನ ಪ್ರತಿ ಸುತ್ತಿಗೊಮ್ಮೆ ‘ಟಕ್’ ಎಂದರೆ ಕಾಟರ್ ಪಿನ್ನನ್ನೂ ಚೈನ್‌ವೀಲನ್ನೂ ಪರೀಕ್ಷಿಸಬೇಕು. ಕಡೆಯದಾಗಿ, ಹಿಂಚಕ್ರವನ್ನು ನೇರವಾಗಿ ನಿಲ್ಲಿಸಿ, ಚೈನು ನಡುವೆ ಸುಮಾರು ಅರ್ಧ ಅಂಗುಲ ಮೇಲೆ ಕೆಳಗೆ ಆಡುವಷ್ಟು ಸಡಿಲವಿರಿಸಬೇಕು.

ಅಡಿಕೋಲು ಹಿಡಿದು ಕಾಲಕಾಲಕ್ಕೆ ಚೈನನ್ನು ಅಳೆಯುವ ಅಭ್ಯಾಸ ವಿದ್ಯಾರ್ಥಿಗಳಿಗೆ ಬಂದರೆ ತಂದೆಯ ಹಣವೂ ಉಳಿದೀತು, ಮಗನ ಮೊಣಕಾಲೂ ಉಳಿದೀತು.