ಒಬ್ಬರೇ ನಿವಾಸಿಯ ಊರು: ಮೊನೊವಿಯ ಭೂಗೋಳ ಮತ್ತು ಜನಸಂಖ್ಯೆ

ಭೂಗೋಳದ ಪಾಠದಲ್ಲಿ 'ಊರು' ಎಂಬ ಪದಕ್ಕೆ ಲಕ್ಷಣ ಹೇಳಿರೆಂದರೆ ವಿದ್ಯಾರ್ಥಿಗಳು ಸಾಮಾನ್ಯವಾಗಿ ಮನೆಗಳ ಗುಂಪು, ಬಾವಿ, ಗುಡಿ, ಶಾಲೆ, ಅಂಗಡಿ ಎಂದು ಒಂದೊಂದಾಗಿ ಹೆಸರಿಸುತ್ತಾರೆ. ಇವುಗಳಲ್ಲಿ ಬಹುಪಾಲು ಇಲ್ಲವಾಗಿಯೂ, ಜನಸಂಖ್ಯೆ ಒಂದಕ್ಕೆ ಇಳಿದೂ, ಕಾನೂನಿನ ದೃಷ್ಟಿಯಲ್ಲಿ ಊರಾಗಿಯೇ ಉಳಿದ ಸ್ಥಳವೊಂದು ಅಮೆರಿಕ ಸಂಯುಕ್ತ ಸಂಸ್ಥಾನದ ನೆಬ್ರಾಸ್ಕ ರಾಜ್ಯದಲ್ಲಿದೆ. ಅದರ ಹೆಸರು ಮೊನೊವಿ. 2010ರ ಜನಗಣತಿಯಲ್ಲಿ ಅಲ್ಲಿನ ಜನಸಂಖ್ಯೆ 1. ಆ ದೇಶದಲ್ಲಿ ಒಬ್ಬರೇ ನಿವಾಸಿಯಿದ್ದ ಏಕೈಕ ಸ್ವಾಯತ್ತ ಊರಾಡಳಿತ ಅದೆಂದು ಆಗ ಹೆಸರಾಯಿತು. ಪತ್ರಿಕೆಗಳು ಇದನ್ನು ಒಂದು ವಿಚಿತ್ರವೆಂಬಂತೆ ಬರೆದು ಮುಗಿಸಿದವು. ಆದರೆ ಜನಸಂಖ್ಯಾ ಭೂಗೋಳವನ್ನು ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ವಿರಳ.

ನೆಬ್ರಾಸ್ಕದ ಉತ್ತರದಂಚಿನ ಬಾಯ್ಡ್ ಕೌಂಟಿಯಲ್ಲಿ, ಉತ್ತರಕ್ಕೆ ಮಿಸೌರಿ, ದಕ್ಷಿಣಕ್ಕೆ ನಯೋಬ್ರಾರ ನದಿಗಳ ನಡುವಣ ನೆಲದಲ್ಲಿ ಮೊನೊವಿ ಇದೆ. (ಕೌಂಟಿಯೆಂದರೆ ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗ, ಇದರ ವಿಸ್ತೀರ್ಣವಾದರೋ ನಮ್ಮ ಒಂದು ತಾಲ್ಲೂಕಿನಷ್ಟು.) ಎರಡು ನದಿಗಳೂ ಪೂರ್ವದಲ್ಲಿ ನಯೋಬ್ರಾರ ಎಂಬ ಊರಿನ ಬಳಿ ಸಂಗಮಿಸುತ್ತವೆ. ನೆಲವು ಅಲೆಯಲೆಯಾಗಿ ಏರಿಳಿಯುವ ಹುಲ್ಲುಗಾವಲು. ಮಳೆ ವರ್ಷಕ್ಕೆ 25 ಅಂಗುಲದ ಆಸುಪಾಸು. ಇನ್ನೂ ಪಶ್ಚಿಮಕ್ಕೆ ಸರಿದಂತೆ ಮಳೆ ಕಡಿಮೆಯಾಗಿ ಬೇಸಾಯವು ದನಸಾಕಣೆಗೆ ಎಡೆಮಾಡಿಕೊಡುತ್ತದೆ. ಮೊನೊವಿ ಎಂದರೆ ಅಲ್ಲಿನ ಮೂಲನಿವಾಸಿಗಳ ಮಾತಿನಲ್ಲಿ 'ಹೂವು' ಎಂದು ಅರ್ಥವೆಂದೂ, ಸುತ್ತಲಿನ ಕಾಡುಹೂಗಳಿಂದ ಆ ಹೆಸರು ಬಂದಿತೆಂದೂ ಹೇಳುತ್ತಾರೆ.

ಈ ನೆಲದ ಗಡಿಯ ಕಥೆಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಈ ಭಾಗ ಮೊದಲು ಡಕೋಟ ಪ್ರಾಂತಕ್ಕೆ ಸೇರಿತ್ತು. 1882ರಲ್ಲಿ ಅಮೆರಿಕದ ಸಂಸತ್ತು ಗಡಿಯನ್ನು ಉತ್ತರ ಅಕ್ಷಾಂಶ 43 ಡಿಗ್ರಿಯ ರೇಖೆಗೆ ಸರಿಸಿ, ಅದರ ದಕ್ಷಿಣದ ನೆಲವನ್ನು ನೆಬ್ರಾಸ್ಕಕ್ಕೆ ಕೊಡಲು ನಿರ್ಧರಿಸಿತು. ಜನ ಇದ್ದಲ್ಲೇ ಇದ್ದು ಗಡಿ ಮಾತ್ರ ಸರಿಯುವುದೆಂದರೇನೆಂದು 1956ನ್ನು ಕಂಡ ನಮ್ಮ ಹಿರಿಯರಿಗೆ ವಿವರಿಸಬೇಕಾಗಿಲ್ಲ. ಅಲ್ಲಿ ಮಾತ್ರ ಜನವನ್ನೂ ಸರಿಸಿದ್ದರು. ನಯೋಬ್ರಾರ ನದೀಮುಖದ ಸುತ್ತ ನೆಲೆಸಿದ್ದ ಪೊಂಕ ಎಂಬ ಮೂಲನಿವಾಸಿ ಜನಾಂಗವನ್ನು 1877ರಲ್ಲಿ ದೂರದ ದಕ್ಷಿಣಕ್ಕೆ, ಇಂದಿನ ಒಕ್ಲಹಾಮಕ್ಕೆ, ಬಲವಂತವಾಗಿ ಸಾಗಿಸಲಾಯಿತು. ಅಲ್ಲಿ ತೀರಿಕೊಂಡ ಮಗನ ಅಸ್ಥಿಯನ್ನು ತಾಯ್ನೆಲದಲ್ಲಿ ಹೂಳಲೆಂದು ಹಿಂದಿರುಗುತ್ತಿದ್ದ ನಾಯಕ ಸ್ಟ್ಯಾಂಡಿಂಗ್ ಬೇರ್ ಬಂಧನಕ್ಕೊಳಗಾದನು. 1879ರಲ್ಲಿ ಒಮಾಹಾ ನಗರದ ನ್ಯಾಯಾಲಯವು ಅವನನ್ನು ಬಿಡುಗಡೆ ಮಾಡುತ್ತ, ಇಂಡಿಯನ್ ಎಂಬವನೂ ಕಾನೂನಿನ ಅರ್ಥದಲ್ಲಿ 'ವ್ಯಕ್ತಿ'ಯೇ ಎಂದು ತೀರ್ಪಿತ್ತಿತು. ತೆರಿಗೆ ಕೊಡದ ಇಂಡಿಯನ್ನರನ್ನು ಪ್ರಾತಿನಿಧ್ಯಕ್ಕಾಗಿ ಎಣಿಸಕೂಡದೆಂದು ಸಂವಿಧಾನವೇ ಹೇಳುತ್ತಿದ್ದ ಕಾಲವದು. ಜನಸಂಖ್ಯೆಯ ಪಟ್ಟಿಯನ್ನು ನೋಡುವಾಗ ಯಾರನ್ನು ಎಣಿಸಿದರು, ಯಾರನ್ನು ಬಿಟ್ಟರು ಎಂದು ಮೊದಲು ಕೇಳಬೇಕಾಗುತ್ತದೆ.

ಹೀಗೆ ತೆರವಾದ ನೆಲಕ್ಕೆ ಹೊಸ ರೈತರು ಬಂದರು. 1862ರ ಹೋಮ್‌ಸ್ಟೆಡ್ ಕಾಯಿದೆಯಂತೆ ಐದು ವರ್ಷ ನೆಲೆನಿಂತು ಸಾಗುವಳಿ ಮಾಡಿದ ಕುಟುಂಬಕ್ಕೆ 160 ಎಕರೆ ಭೂಮಿ ದೊರೆಯುತ್ತಿತ್ತು. ಒಂದು ಚದರ ಮೈಲಿಗೆ 640 ಎಕರೆ. ಅಂದರೆ ನಾಲ್ಕು ಕುಟುಂಬ. ಮನೆಗೆ ಐದು ಜನರೆಂದು ಹಿಡಿದರೆ ಚದರ ಮೈಲಿಗೆ 20 ಜನ. ಸುಮಾರು 540 ಚದರ ಮೈಲಿಯ ಬಾಯ್ಡ್ ಕೌಂಟಿಯಲ್ಲಿ 1910ರಲ್ಲಿ ಇದ್ದವರು 8,826 ಮಂದಿ, ಚದರ ಮೈಲಿಗೆ 16ಕ್ಕಿಂತ ತುಸು ಹೆಚ್ಚು. ಕಾಯಿದೆಯು ಹೊಂದಿಸಿದ ಲೆಕ್ಕಕ್ಕೆ ವಾಸ್ತವವು ಎಷ್ಟು ಹತ್ತಿರ ಬಂದಿತ್ತೆಂಬುದು ಗಮನಾರ್ಹ.

1902ರಲ್ಲಿ ರೈಲು ಹಾದಿ ಇಲ್ಲಿಯವರೆಗೆ ಬಂದಿತು, ಅದರೊಂದಿಗೆ ಮೊನೊವಿಯೂ ಹುಟ್ಟಿತು. ಆ ಕಾಲದ ಬಯಲುಸೀಮೆಯ ಊರುಗಳ ನಡುವಣ ಅಂತರವನ್ನು ನಿಶ್ಚಯಿಸಿದ್ದು ಕುದುರೆ. ಧಾನ್ಯ ತುಂಬಿದ ಬಂಡಿ ಬೆಳಗ್ಗೆ ಹೊರಟು, ನಿಲ್ದಾಣದಲ್ಲಿ ಸರಕಿಳಿಸಿ, ಕತ್ತಲಾಗುವ ಮುನ್ನ ಮನೆ ಸೇರುವಂತಿರಬೇಕು. ಆದ್ದರಿಂದ ಕೆಲವೇ ಮೈಲಿಗೊಂದು ನಿಲ್ದಾಣ, ನಿಲ್ದಾಣಕ್ಕೊಂದು ಊರು. ಅಂಚೆ ಕಚೇರಿ, ದಿನಸಿ ಅಂಗಡಿಗಳು, ಚರ್ಚು, ಶಾಲೆ ಎಲ್ಲವೂ ಮೊನೊವಿಗೆ ಬಂದವು. 1930ರ ಗಣತಿಯಲ್ಲಿ ಊರಿನ ಜನಸಂಖ್ಯೆ 123. ಅದೇ ಅದರ ಶಿಖರ.

ಇಳಿಕೆಗೆ ಕಾರಣವೇನು? ಯುದ್ಧವೂ ಅಲ್ಲ, ಪಿಡುಗೂ ಅಲ್ಲ. 1930ರ ದಶಕದ ಬರಗಾಲ ಮತ್ತು ಆರ್ಥಿಕ ಕುಸಿತ ಮೊದಲ ಪೆಟ್ಟು ಕೊಟ್ಟವು, ನಿಜ. ಆದರೆ ಮಳೆ ಬಂದ ಮೇಲೂ ಜನ ಹಿಂದಿರುಗಲಿಲ್ಲವಾದ್ದರಿಂದ ಅದೊಂದೇ ಕಾರಣವೆನ್ನಲಾಗದು. ಮುಖ್ಯ ಕಾರಣ ಟ್ರ್ಯಾಕ್ಟರು. ನಾಲ್ಕು ಕುಟುಂಬಗಳ ಭೂಮಿಯನ್ನು ಒಂದೇ ಕುಟುಂಬ ಉಳಬಲ್ಲುದಾದಾಗ ಮೂರು ಕುಟುಂಬಗಳು ಹೊಲ ಮಾರಿ ಹೊರಟವು. ಲಾರಿಯೂ ಡಾಂಬರು ರಸ್ತೆಯೂ ಬಂದ ಮೇಲೆ ರೈತನು ಹತ್ತಿರದ ಪುಟ್ಟ ಅಂಗಡಿಯನ್ನು ದಾಟಿ ದೂರದ ಪೇಟೆಗೆ ಹೋದನು. ಇಳುವರಿ ಕುಗ್ಗಲಿಲ್ಲ, ಹೊಲಗಳು ಪಾಳು ಬೀಳಲಿಲ್ಲ. ಬೆಳೆಯುವ ಕೈಗಳು ಮಾತ್ರ ಕಡಿಮೆಯಾದವು. ನೆಬ್ರಾಸ್ಕ ರಾಜ್ಯದ ಜನಸಂಖ್ಯೆ 1930ರಲ್ಲಿ 13,77,963 ಇದ್ದುದು 2020ರಲ್ಲಿ 19,61,504 ಆಯಿತು. ಅದೇ ಅವಧಿಯಲ್ಲಿ ಬಾಯ್ಡ್ ಕೌಂಟಿ 7,169ರಿಂದ 1,810ಕ್ಕೆ ಇಳಿಯಿತು. ಒಮಾಹಾ, ಲಿಂಕನ್ ನಗರಗಳು ಬೆಳೆದವು.

ಊರೊಂದು ಬರಿದಾಗುವಾಗ ಸಂಸ್ಥೆಗಳು ಯಾವ ಕ್ರಮದಲ್ಲಿ ಮುಚ್ಚುತ್ತವೆ ಎಂಬುದಕ್ಕೂ ಮೊನೊವಿ ಸಾಕ್ಷಿ. ಚರ್ಚಿನಲ್ಲಿ ಕೊನೆಯ ಅಂತ್ಯಕ್ರಿಯೆ ನಡೆದದ್ದು 1960ರಲ್ಲಿ. ಅಂಚೆ ಕಚೇರಿಯೂ ಉಳಿದಿದ್ದ ದಿನಸಿ ಅಂಗಡಿಗಳೂ 1967ರಿಂದ 1970ರೊಳಗೆ ಮುಚ್ಚಿದವು. ಶಾಲೆ ಇವೆಲ್ಲಕ್ಕಿಂತ ಹೆಚ್ಚು ಕಾಲ ತಾಳಿ, 1974ರಲ್ಲಿ ಬಾಗಿಲು ಹಾಕಿತು. ಅಲ್ಲಿಂದಾಚೆಗಿನ ಅಂಕಿಗಳನ್ನು ನೋಡಿರಿ: 1980ರಲ್ಲಿ 18, 1990ರಲ್ಲಿ 6, 2000ದಲ್ಲಿ 2. ಶಾಲೆ ಮುಚ್ಚಿದ್ದರಿಂದ ಜನ ಹೋದರೋ, ಜನ ಹೋದದ್ದರಿಂದ ಶಾಲೆ ಮುಚ್ಚಿತೋ ಎಂಬ ವಾದ ಎಲ್ಲೆಡೆಯೂ ಇದೆ. ಎರಡೂ ನಿಜವೆಂದು ನನ್ನ ಅಭಿಪ್ರಾಯ. ಆದರೆ ಮಕ್ಕಳಿರುವ ಹೊಸ ಸಂಸಾರವು ಶಾಲೆಯಿಲ್ಲದ ಊರಿಗೆ ಬಂದು ನೆಲೆಸುವುದಿಲ್ಲವಾದ್ದರಿಂದ, ಶಾಲೆ ಹೋದ ಮೇಲೆ ಚೇತರಿಕೆಯ ದಾರಿಯೇ ಮುಚ್ಚುತ್ತದೆ. ನೆಬ್ರಾಸ್ಕದ ಹಳ್ಳಿಗರು ಇದನ್ನು ಚೆನ್ನಾಗಿ ಬಲ್ಲರು. ಪ್ರಾಥಮಿಕ ತರಗತಿಗಳು ಮಾತ್ರ ಇದ್ದ ಚಿಕ್ಕ ಶಾಲಾ ಮಂಡಲಗಳನ್ನು ದೊಡ್ಡವುಗಳಲ್ಲಿ ವಿಲೀನಗೊಳಿಸುವ ಕಾನೂನು ಅಲ್ಲಿ 2005ರಲ್ಲಿ ಬಂದಿತು. 2006ರ ನವೆಂಬರಿನಲ್ಲಿ ಮತದಾರರು ಅದನ್ನು ರದ್ದುಗೊಳಿಸಿದರು. ಅಷ್ಟರೊಳಗೆ ವಿಲೀನ ಮುಗಿದುಹೋಗಿತ್ತು.

ಇಷ್ಟಾದರೂ ಮೊನೊವಿ ಊರಾಗಿ ಉಳಿದದ್ದು ಹೇಗೆ? ನೆಬ್ರಾಸ್ಕದಲ್ಲಿ 'ವಿಲೇಜ್' ಎಂಬ ಸ್ಥಾನ ಪಡೆಯಲು 100ರಿಂದ 800 ಜನರಿರಬೇಕು. ಆದರೆ ಒಮ್ಮೆ ಪಡೆದ ಸ್ಥಾನವು ಜನ ಕಡಿಮೆಯಾದ ಮಾತ್ರಕ್ಕೆ ತಾನಾಗಿ ಹೋಗುವುದಿಲ್ಲ. ಕೊನೆಗೆ ಉಳಿದ ಇಬ್ಬರು ದಂಪತಿಗಳು. 2004ರಲ್ಲಿ ಪತಿ ತೀರಿಕೊಂಡರು. ಊರಿನ ಹೋಟೆಲು-ಪಾನಗೃಹವನ್ನು 1971ರಿಂದ ನಡೆಸುತ್ತ ಬಂದಿದ್ದ ಪತ್ನಿ ಅಲ್ಲಿಯೇ ಉಳಿದರು. ಅಧ್ಯಕ್ಷೆ, ಗುಮಾಸ್ತೆ, ಖಜಾಂಚಿ ಎಲ್ಲವೂ ಅವರೇ. ತಮ್ಮ ಅಂಗಡಿಯ ಮದ್ಯದ ಪರವಾನಗಿಯ ಅರ್ಜಿಗೆ ಊರಿನ ಪರವಾಗಿ ಒಪ್ಪಿಗೆ ಕೊಡುವವರೂ ಅವರೇ, ತೆರಿಗೆ ವಿಧಿಸುವವರೂ ಕಟ್ಟುವವರೂ ಅವರೇ. ನಾಲ್ಕು ಬೀದಿದೀಪಗಳಿಗೆ ರಾಜ್ಯದ ಹಣ ದೊರೆಯಬೇಕಾದರೆ ವರ್ಷಕ್ಕೊಮ್ಮೆ ರಸ್ತೆ ಯೋಜನೆಯನ್ನು ಸಲ್ಲಿಸಬೇಕಿತ್ತು. ಅದನ್ನೂ ಅವರು ತಪ್ಪದೆ ಮಾಡುತ್ತಿದ್ದರು. ಜನವಸತಿಯಿಲ್ಲದ ಊರನ್ನು ನಮ್ಮ ಕಂದಾಯ ದಫ್ತರಗಳಲ್ಲಿ 'ಬೇಚಿರಾಗ್' ಎನ್ನುತ್ತಾರೆ, ದೀಪವಿಲ್ಲದ್ದು ಎಂದರ್ಥ. ಆ ಲೆಕ್ಕದಲ್ಲಿ ಮೊನೊವಿ ಬೇಚಿರಾಗ್ ಆಗಿರಲಿಲ್ಲ.

ಜನಸಾಂದ್ರತೆಯ ಒಂದು ವಿನೋದವನ್ನೂ ಇಲ್ಲಿ ಹೇಳಬೇಕು. ಮೊನೊವಿಯ ವಿಸ್ತೀರ್ಣ 0.21 ಚದರ ಮೈಲಿ, ಅಂದರೆ ಸುಮಾರು 134 ಎಕರೆ. ಒಬ್ಬರೇ ಇದ್ದರೂ ಸಾಂದ್ರತೆ ಚದರ ಮೈಲಿಗೆ 4.8 ಆಯಿತು. ಅದೇ 2010ರಲ್ಲಿ 2,099 ಜನರಿದ್ದ ಇಡೀ ಕೌಂಟಿಯ ಸಾಂದ್ರತೆ 3.9 ಮಾತ್ರ. ಕೌಂಟಿಗಿಂತ ಈ ಊರೇ 'ದಟ್ಟ'! ಸರಾಸರಿಯನ್ನು ನಂಬುವ ಮೊದಲು ವಿದ್ಯಾರ್ಥಿಗಳು ಈ ಲೆಕ್ಕವನ್ನು ಒಮ್ಮೆ ತಾವೇ ಮಾಡಿ ನೋಡುವುದು ಒಳ್ಳೆಯದು.

2020ರ ಗಣತಿಯ ಅಂಕಿಗಳು ಪ್ರಕಟವಾದಾಗ ಮೊನೊವಿಯ ಜನಸಂಖ್ಯೆ 2 ಎಂದಿತ್ತು. ಯಾರೂ ಹೊಸದಾಗಿ ಬಂದಿರಲಿಲ್ಲ, ಎಣಿಸಿದವರು ತಪ್ಪಿರಲೂ ಇಲ್ಲ. ವ್ಯಕ್ತಿಗಳ ವಿವರ ಬಯಲಾಗದಂತೆ ಕಾಪಾಡಲು ಅಮೆರಿಕದ ಗಣತಿ ಇಲಾಖೆಯು ಆ ಸಲ ಚಿಕ್ಕ ಪ್ರದೇಶಗಳ ಅಂಕಿಗಳಲ್ಲಿ ಉದ್ದೇಶಪೂರ್ವಕವಾಗಿ ಅಲ್ಪ ವ್ಯತ್ಯಾಸವನ್ನು ಬೆರೆಸಿತ್ತು. ರಾಜ್ಯದ ಒಟ್ಟು ಸಂಖ್ಯೆಯನ್ನು ಮಾತ್ರ ಇದ್ದಂತೆಯೇ ಕೊಟ್ಟಿತ್ತು. ಲಕ್ಷ ಜನರ ನಗರದಲ್ಲಿ ಒಂದು ಹೆಚ್ಚಾದರೆ ಯಾರಿಗೂ ತಿಳಿಯದು. ಒಬ್ಬರೇ ಇರುವಲ್ಲಿ ಅದು ಜನಸಂಖ್ಯೆಯನ್ನು ಇಮ್ಮಡಿಗೊಳಿಸಿತು.

ಮೊನೊವಿಯಲ್ಲಿ ಗ್ರಂಥಾಲಯವೊಂದಿದೆ. ಪತಿ ಓದುತ್ತ ಕೂಡಿಟ್ಟಿದ್ದ ಸುಮಾರು 5,000 ಪುಸ್ತಕಗಳನ್ನು ಅವರ ಇಚ್ಛೆಯಂತೆ ಒಂದು ಚಿಕ್ಕ ಕಟ್ಟಡದಲ್ಲಿ ಜೋಡಿಸಿ, ಪತ್ನಿಯು ಅದನ್ನು ಸುತ್ತಲಿನ ಎಲ್ಲರಿಗೂ ತೆರೆದರು. ಅದಕ್ಕೆ ಪತಿಯ ಹೆಸರನ್ನೇ ಇಟ್ಟಿದ್ದಾರೆ.